ನೊಣ ಹಿಡಿಯೋ ಟ್ಯೂಬು, ಸತ್ತ ಸ್ಕ್ಯಾನರ್ ಮತ್ತು ಅಪ್ಪನ ಗೆರೆಗಳು

ಸರ್ಕ್ಯೂಟ್ ಬೋರ್ಡನ್ನ ಈ ಕಾಲದಲ್ಲಿ ಮನೇಲಿ ಯಾರಾದ್ರೂ ಮಾಡ್ತಾರಾ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಕಂಪ್ಯೂಟರಿನಲ್ಲಿ ಡಿಸೈನ್ ಮಾಡಿ ಫೈಲನ್ನು ಚೀನಾಕ್ಕೆ ಕಳಿಸಿದರೆ ಕೆಲವೇ ಡಾಲರಿಗೆ ಐದು ಬೋರ್ಡು ಮಾಡಿ ಕೊಡುತ್ತಾರೆ. ಹಸಿರು ಬಣ್ಣ, ಬಿಳಿ ಅಕ್ಷರ, ಎರಡೂ ಕಡೆ ತಾಮ್ರ, ಕೂದಲೆಳೆಯಂಥ ಗೆರೆ, ಎಲ್ಲಾ ನೀಟಾಗಿ. ಬೋರ್ಡಿಗಿಂತ ಕೊರಿಯರ್ ಖರ್ಚೇ ಜಾಸ್ತಿ! ನನ್ನ ಬೇರೆ ಕೆಲಸಗಳಿಗೆ ನಾನೂ ಹಾಗೇ ತರಿಸೋದು.

ಆದರೆ ಈ ಸಲದ ಬೋರ್ಡನ್ನು ಹಾಗೆ ತರಿಸುವಂತಿರಲಿಲ್ಲ. ಯಾಕಂದ್ರೆ ಇದಕ್ಕೆ ಫೈಲೇ ಇರಲಿಲ್ಲ. ಇರಬೇಕಾಗಿದ್ದದ್ದು ಡ್ರಾಫ್ಟಿಂಗ್ ಫಿಲ್ಮಿನ ಒಂದು ತುಂಡು, ಅದರ ಮೇಲೆ ಅಪ್ಪ ಕೈಯಾರೆ ಎಳೆದ ಕಪ್ಪು ಇಂಕಿನ ಗೆರೆಗಳು. ಆ ಗೆರೆಗಳು ಹೇಗಿವೆಯೋ ಹಾಗೇ ತಾಮ್ರಕ್ಕೆ ಇಳಿಯಬೇಕಿತ್ತು. ಅದಕ್ಕಾಗಿ ಒಂದು ಪೆಟ್ಟಿಗೆ ಕಟ್ಟಿದೆ. ಅದರ ಕತೆ ಇದು. ಸ್ವಲ್ಪ ಉದ್ದ ಇದೆ, ಕಾಫಿ ತಗೊಂಡು ಕೂತ್ಕೊಳ್ಳಿ :)

ಮೊದಲು ಅಪ್ಪನ ಕೆಲಸದ ಬಗ್ಗೆ ಹೇಳಬೇಕು. ಅಪ್ಪ 1974ರಲ್ಲಿ ಬೆಂಗಳೂರಿನ ಸಾರ್ವಜನಿಕ ವಲಯದ ಕಾರ್ಖಾನೆಯೊಂದಕ್ಕೆ ಡ್ರಾಫ್ಟ್ಸ್‌ಮನ್ ಆಗಿ ಸೇರಿದವರು. ಕೆಲ ವರ್ಷಗಳಲ್ಲೇ ಅವರನ್ನು ಪಿಸಿಬಿ ಆರ್ಟ್‌ವರ್ಕ್ ವಿಭಾಗಕ್ಕೆ ಹಾಕಿದರು. ಆಗ ಬೋರ್ಡಿನ ಚಿತ್ರ ಬಿಡಿಸೋಕೆ ಕಂಪ್ಯೂಟರ್ ಇರಲಿಲ್ಲ. ಕೆಳಗಿನಿಂದ ಬೆಳಕು ಬರುವ ಗಾಜಿನ ಮೇಜು, ಅದರ ಮೇಲೆ ಚೌಕುಳಿ ಹಾಳೆ, ಅದರ ಮೇಲೆ ಪಾರದರ್ಶಕ ಮೈಲಾರ್ ಹಾಳೆ. ಐಸಿಯ ಕಾಲು ಬರುವ ಕಡೆ ಬಳೆಯ ಆಕಾರದ ಕಪ್ಪು ಸ್ಟಿಕ್ಕರ್ ಅಂಟಿಸೋದು. ಒಂದು ಬಳೆಯಿಂದ ಇನ್ನೊಂದಕ್ಕೆ ಕಪ್ಪು ಕ್ರೇಪ್ ಟೇಪು ಎಳೆಯೋದು, ತಿರುವಿನಲ್ಲಿ ಬಗ್ಗಿಸೋದು, ತುದಿಯಲ್ಲಿ ಸಣ್ಣ ಚಾಕುವಿನಿಂದ ಕತ್ತರಿಸೋದು. ಒಂದು ಬೋರ್ಡಿಗೆ ವಾರಗಟ್ಟಲೆ.

ಇದನ್ನೆಲ್ಲ ನಿಜವಾದ ಅಳತೆಗಿಂತ ಎರಡು ಪಟ್ಟು, ಕೆಲವೊಮ್ಮೆ ನಾಲ್ಕು ಪಟ್ಟು ದೊಡ್ಡದಾಗಿ ಮಾಡ್ತಿದ್ದರು. ಆಮೇಲೆ ದೊಡ್ಡ ಕ್ಯಾಮೆರಾದಲ್ಲಿ ಫೋಟೋ ತೆಗೆದು ಕುಗ್ಗಿಸೋದು. ಇದರಲ್ಲೊಂದು ಜಾಣತನ ಇದೆ. ಎರಡು ಪಟ್ಟು ದೊಡ್ಡದಾಗಿ ಬಿಡಿಸಿದ್ದನ್ನು ಅರ್ಧಕ್ಕೆ ಇಳಿಸಿದರೆ ಕೈಯ ಓರೆಕೋರೆಯೂ ಅರ್ಧಕ್ಕೆ ಇಳಿಯುತ್ತದೆ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಅಪ್ಪ ಇಷ್ಟು ವರ್ಷ ಬಿಡಿಸಿದ ಬೋರ್ಡುಗಳು ಎಷ್ಟೋ. ಆದರೆ ಒಂದು ಬೋರ್ಡು ಹುಟ್ಟುವುದನ್ನು ಅವರು ಯಾವತ್ತೂ ನೋಡಿರಲಿಲ್ಲ! "ನಮ್ಮ ಕೆಲಸ ಕ್ಯಾಮೆರಾ ರೂಮಿನ ಬಾಗಿಲ ತನಕ ಕಣೋ. ಅಲ್ಲಿ ಶೀಟ್ ಕೊಟ್ಟು ರಿಜಿಸ್ಟರ್‌ನಲ್ಲಿ ಸೈನ್ ಹಾಕಿದ್ರೆ ಮುಗೀತು. ಆಸಿಡ್ ಶಾಪಿಗೆ ಬೇರೆ ಗೇಟು, ಬೇರೆ ಪಾಸು" ಅಂತಿದ್ದರು. ತಿಂಗಳುಗಳ ಮೇಲೆ ಅದೇ ಬೋರ್ಡು ಬಿಡಿಭಾಗಗಳನ್ನೆಲ್ಲ ತುಂಬಿಕೊಂಡು ಯಾವುದೋ ಯಂತ್ರದೊಳಗೆ ಕೂತಿರುವಾಗ ಕಾಣಿಸಿದರೆ ಪುಣ್ಯ. ಅದರ ಮೇಲೆ ಡ್ರಾಯಿಂಗ್ ನಂಬರ್ ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ. ಆಮೇಲೆ ಕಂಪ್ಯೂಟರ್ ಬಂತು, ಗಾಜಿನ ಮೇಜುಗಳು ಗೋಡೌನ್ ಸೇರಿದವು, ತೊಂಬತ್ತರ ದಶಕದ ಕೊನೆಯಲ್ಲಿ ಅಪ್ಪ ವಿಆರ್‌ಎಸ್ ತಗೊಂಡರು.

ಈಗ ಅವರಿಗೆ 73. ಎರಡೂ ಕಣ್ಣಿನ ಪೊರೆ ತೆಗೆಸಿದ್ದಾಗಿದೆ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಯಾಗುತ್ತಾ ಹೋಗಿ ನೀಲಿ ಬಣ್ಣವನ್ನು ತಡೆಯುತ್ತದಂತೆ. ಆಪರೇಷನ್ ಆದ ವಾರದಲ್ಲಿ ಅಪ್ಪ ಅಮ್ಮನ ಹಳೇ ಸೀರೆ ನೋಡಿ "ಇದು ಇಷ್ಟು ನೀಲಿ ಇತ್ತಾ?" ಅಂದಿದ್ದರು. ಕಣ್ಣೇನೋ ಬಂತು, ಆದರೆ ಎರಡು ವರ್ಷದಿಂದ ಬಲಗೈ ನಡುಗುತ್ತಿದೆ. ಪಾರ್ಕಿನ್ಸನ್ ಅಲ್ಲ, ವಯಸ್ಸಿನ ಜೊತೆ ಬರುವ ನಡುಕ ಅಂತ ಡಾಕ್ಟರು ಹೇಳಿದ್ದಾರೆ. ಆದರೂ ಕಾಫಿ ಲೋಟ ಹಿಡಿದಾಗ ಗೊತ್ತಾಗುತ್ತೆ, ಸಹಿ ಮಾಡುವಾಗ ಇನ್ನೂ ಚೆನ್ನಾಗಿ ಗೊತ್ತಾಗುತ್ತೆ. "ಈಗ ಗೆರೆ ಕಾಣ್ತಿದೆ, ಕೈ ಕೇಳ್ತಿಲ್ಲ. ಆಗ ಕೈ ಕೇಳ್ತಿತ್ತು, ಗೆರೆ ಕಾಣ್ತಿರ್ಲಿಲ್ಲ" ಅಂತ ನಗ್ತಾರೆ. ನನಗೆ ನಗು ಬರಲಿಲ್ಲ. ಅಪ್ಪನ ಕೈಯಲ್ಲಿ ಒಂದು ಬೋರ್ಡು ಬಿಡಿಸಿ, ಅದು ಬೋರ್ಡಾಗುವುದನ್ನು ಅವರಿಗೆ ತೋರಿಸಬೇಕಾದರೆ ಈ ವರ್ಷವೇ ಆಗಬೇಕಿತ್ತು. ಮುಂದಿನ ವರ್ಷಕ್ಕೆ ನೋಡೋಣ ಅನ್ನೋ ವಿಷಯ ಅಲ್ಲ ಇದು.

ಯಾವ ಬೋರ್ಡು ಅನ್ನೋದಕ್ಕೆ ಯೋಚನೆ ಮಾಡಬೇಕಾಗಲಿಲ್ಲ. 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ನೀರಿಗೆ ಬಂದ ತತ್ವಾರ ನಿಮಗೆಲ್ಲ ನೆನಪಿರಬೇಕು. ಅಂಥಾ ಕಾಲದಲ್ಲೂ ನಮ್ಮ ಬೀದಿಯಲ್ಲಿ ದಿನಾ ಯಾರದಾದರೂ ಮನೆಯ ಮೇಲಿನ ತೊಟ್ಟಿ ತುಂಬಿ ಹರಿಯುತ್ತಿತ್ತು. ಮೋಟಾರ್ ಹಾಕಿ ಮರೆತುಬಿಡೋದು. ತೊಟ್ಟಿ ತುಂಬಿದರೆ ಕಿರುಚುವ, ಸಂಪು ಖಾಲಿಯಾದರೆ ಕೆಂಪು ದೀಪ ಹಚ್ಚುವ ಒಂದು ಸಣ್ಣ ಸರ್ಕ್ಯೂಟು. ಮೂರು ಟ್ರಾನ್ಸಿಸ್ಟರ್, ನಾಲ್ಕೈದು ರೆಸಿಸ್ಟರ್, ಒಂದು ಬಜರ್. ಅಪ್ಪನಿಗೆ ಹೇಳಿದೆ. "ಇಷ್ಟೇನಾ?" ಅಂದರು. ಅವರು ನೂರು ಐಸಿಯ ಬೋರ್ಡು ಬಿಡಿಸಿದ ಮನುಷ್ಯ, ಪಾಪ :)

ಈಗ ವಿಧಾನ. ಮನೇಲಿ ಬೋರ್ಡು ಮಾಡೋರು ಸಾಮಾನ್ಯವಾಗಿ ಇಸ್ತ್ರಿಪೆಟ್ಟಿಗೆ ದಾರಿ ಹಿಡೀತಾರೆ. ಲೇಸರ್ ಪ್ರಿಂಟನ್ನು ತಾಮ್ರದ ಮೇಲೆ ಮಗುಚಿಟ್ಟು ಕಾಸಿದರೆ ಟೋನರ್ ಅಂಟಿಕೊಳ್ಳುತ್ತೆ. ಆದರೆ ಅದಕ್ಕೆ ಪ್ರಿಂಟ್ ಬೇಕು, ಇಂಕಿನ ಗೆರೆ ಆಗಲ್ಲ. ಅಪ್ಪನ ಹಾಳೆಯನ್ನೇ ಬಳಸಬೇಕೆಂದರೆ ಉಳಿದದ್ದು ಬೆಳಕಿನ ದಾರಿ.

ಇದು ಕೈಗಡಿಯಾರದ ಗುರುತಿನ ಹಾಗೆ. ಬಿಸಿಲಲ್ಲಿ ಓಡಾಡಿದವರು ವಾಚು ಬಿಚ್ಚಿದರೆ ಅದರ ಆಕಾರ ಚರ್ಮದ ಮೇಲೆ ಇರುತ್ತಲ್ಲ, ಹಾಗೆ. ತಾಮ್ರದ ಮೇಲೆ ಮೊದಲೇ ಒಂದು ಲೇಪ ಹಚ್ಚಿರುವ ಬೋರ್ಡುಗಳು ಸಿಗುತ್ತವೆ, ಮೇಲೆ ಬೆಳಕು ತಾಗದಂತೆ ಸಿಪ್ಪೆ ಅಂಟಿಸಿರುತ್ತಾರೆ. ಸಿಪ್ಪೆ ತೆಗೆದು, ಚಿತ್ರ ಬಿಡಿಸಿದ ಹಾಳೆ ಮುಚ್ಚಿ, ನೇರಳಾತೀತ ಬೆಳಕು ಹಾಯಿಸಬೇಕು. ಬೆಳಕು ತಾಗಿದ ಕಡೆ ಲೇಪದ ರಸಾಯನ ಬದಲಾಗಿ ಆಮ್ಲದ ಗುಣ ಬರುತ್ತೆ. ಆಮೇಲೆ ತೆಳು ಕಾಸ್ಟಿಕ್ ಸೋಡಾ ನೀರಿನಲ್ಲಿ ಅದ್ದಿದರೆ ಅಷ್ಟು ಭಾಗ ಕರಗಿಹೋಗುತ್ತೆ. ಗೆರೆಯ ನೆರಳಲ್ಲಿದ್ದ ಲೇಪ ಮಾತ್ರ ಉಳಿಯುತ್ತೆ. ಉಳಿದದ್ದು ತಾಮ್ರಕ್ಕೆ ಕೊಡೆ. ಕಂಪ್ಯೂಟರ್ ಚಿಪ್ಪುಗಳನ್ನು ಮಾಡೋದೂ ಇದೇ ತತ್ವದ ಮೇಲೆ. ಅಲ್ಲಿ ಈಗ 13.5 ನ್ಯಾನೋಮೀಟರ್ ತನಕ ಇಳಿದಿದ್ದಾರೆ, ನಮಗೆ 365ರ ಆಸುಪಾಸು ಸಾಕು.

1801ರಲ್ಲಿ ರಿಟ್ಟರ್ ಅನ್ನುವ ಜರ್ಮನಿಯ ವಿಜ್ಞಾನಿ ಕಾಮನಬಿಲ್ಲಿನ ನೇರಳೆಯ ಆಚೆ, ಕಣ್ಣಿಗೆ ಏನೂ ಕಾಣದ ಜಾಗದಲ್ಲಿ ಬೆಳ್ಳಿಯ ಲವಣ ಬೇಗ ಕಪ್ಪಾಗುವುದನ್ನು ನೋಡಿದ. ನೇರಳಾತೀತ ಸಿಕ್ಕಿದ್ದೇ ಹಾಗೆ. ಕಾಣುವುದಿಲ್ಲ, ಆದರೆ ಕೆಲಸ ಮಾಡುತ್ತೆ.

ಬೆಳಕು ಎಲ್ಲಿಂದ? ಪುಕ್ಕಟೆ ಬೆಳಕು ಸೂರ್ಯನದು. ಲಗ್ನಪತ್ರಿಕೆ ಮಾಡುವ ಸ್ಕ್ರೀನ್ ಪ್ರಿಂಟಿಂಗ್‌ನವರು ತಾರಸಿಯ ಮೇಲೆ ಫ್ರೇಮ್ ಇಟ್ಟು ಬಿಸಿಲಿಗೆ ಒಡ್ಡುವುದನ್ನು ನಾನೇ ನೋಡಿದ್ದೇನೆ. ಆದರೆ ನಾವು ಶುರು ಮಾಡಿದ್ದು ಜುಲೈನಲ್ಲಿ. ಬೆಂಗಳೂರಿನ ಜುಲೈ ಗೊತ್ತಲ್ಲ, ಒಂದು ನಿಮಿಷ ಬಿಸಿಲು, ಒಂದು ನಿಮಿಷ ಮೋಡ. ಅಂಥಾ ಬೆಳಕಿನಲ್ಲಿ ಎಷ್ಟು ಹೊತ್ತು ಇಡಬೇಕು ಅಂತ ಲೆಕ್ಕ ಹಾಕೋದು ಹೇಗೆ?

ಉತ್ತರ ಸಿಕ್ಕಿದ್ದು ಬೇಕರಿಯಲ್ಲಿ. ಗೋಡೆಯ ಮೇಲೆ ನೀಲಿ ಬೆಳಕಿನ ಪೆಟ್ಟಿಗೆ ನೇತು ಹಾಕಿರ್ತಾರಲ್ಲ, ನೊಣ ಹೋಗಿ ಚಟ್ ಅನ್ನುತ್ತೆ.. ಅದೇ! ನಮಗೆ ಕಾಣದ ನೇರಳಾತೀತ ನೊಣದ ಕಣ್ಣಿಗೆ ಕಾಣುತ್ತೆ. ಆ ಟ್ಯೂಬುಗಳು ಹೆಚ್ಚಾಗಿ ಹೊರಸೂಸುವುದು 365-370 ನ್ಯಾನೋಮೀಟರಿನ ಸುತ್ತಮುತ್ತ, ಅಂದ್ರೆ ನಮ್ಮ ಲೇಪಕ್ಕೆ ಹೇಳಿ ಮಾಡಿಸಿದ ಬೆಳಕು. ಟೌನ್ ಹಾಲ್ ಹತ್ತಿರದ ಎಸ್.ಪಿ. ರೋಡಿಗೆ ಹೋಗಿ 8 ವ್ಯಾಟಿನ ನಾಲ್ಕು ಟ್ಯೂಬು, ಹೋಲ್ಡರು, ಎಲೆಕ್ಟ್ರಾನಿಕ್ ಚೋಕು ತಂದೆ. ಎಲ್‌ಇಡಿಯಲ್ಲೂ ಮಾಡಬಹುದು, 395-405ರ ನೇರಳೆ ಎಲ್‌ಇಡಿಗಳಿಗೂ ಈ ಲೇಪ ಸ್ಪಂದಿಸುತ್ತೆ. ಆದರೆ ಬೆಳಕು ಸಮನಾಗಿ ಬೀಳಬೇಕಾದರೆ ಎಲ್‌ಇಡಿಗಳನ್ನು ಸಾಲುಸಾಲಾಗಿ ಬೆಸೆಯುತ್ತಾ ಕೂರಬೇಕು.

ಇಲ್ಲೊಂದು ಎಚ್ಚರಿಕೆ, ದಯವಿಟ್ಟು ಗಮನಿಸಿ. ಅಂಗಡಿಯಲ್ಲಿ ಬರೀ "ಯುವಿ ಟ್ಯೂಬ್" ಅಂತ ಕೇಳಿದರೆ ಕ್ರಿಮಿನಾಶಕ ಟ್ಯೂಬ್ ಕೊಡುವ ಸಾಧ್ಯತೆ ಇದೆ. ನೀರಿನ ಫಿಲ್ಟರಿನಲ್ಲಿರೋದು, 2020ರ ಕೋವಿಡ್ ಕಾಲದಲ್ಲಿ ಮೊಬೈಲು, ನೋಟು, ತರಕಾರಿ ಎಲ್ಲವನ್ನೂ ತೊಳೆಯೋಕೆ ಅಂತ ಮಾರಿದ ಡಬ್ಬಿಗಳಲ್ಲಿದ್ದದ್ದು ಅದೇ. ಅದರ ಗಾಜು ಒಳಗೆಲ್ಲ ಕಾಣುವಷ್ಟು ಪಾರದರ್ಶಕ, ಬೆಳಕು 254 ನ್ಯಾನೋಮೀಟರ್. ಕಣ್ಣಿನ ಹೊರಪದರವನ್ನೂ ಚರ್ಮವನ್ನೂ ಸುಡುತ್ತೆ. ಉರಿ ಗೊತ್ತಾಗೋದು ಕೆಲವು ಗಂಟೆಗಳ ಮೇಲೆ. ಅಷ್ಟು ಅಪಾಯ ತಗೊಂಡರೂ ನಮ್ಮ ಕೆಲಸಕ್ಕೆ ಅದು ಬರಲ್ಲ, ಸಾಮಾನ್ಯ ಗಾಜು ಅದನ್ನು ತಡೆದುಬಿಡುತ್ತೆ. ನಮಗೆ ಬೇಕಾದ್ದು ಬೆಳ್ಳಗೆ ಲೇಪವಿರುವ, ಬಿಎಲ್ ಅಂತ ಗುರುತಿರುವ ಟ್ಯೂಬು.

ಪೆಟ್ಟಿಗೆಗೆ ಮನೆಯಲ್ಲೇ ಒಂದು ಹೆಣ ಸಿಕ್ಕಿತು. ಸುಮಾರು ಹದಿನೈದು ವರ್ಷ ಹಿಂದಿನ ಫ್ಲಾಟ್‌ಬೆಡ್ ಸ್ಕ್ಯಾನರ್. ಎ4 ಅಳತೆಯ ಒಳ್ಳೇ ಗಾಜು, ಮೇಲೆ ಸ್ಪಂಜು ಅಂಟಿಸಿದ ಮುಚ್ಚಳ. ಹಾಳೆಯನ್ನು ಬೋರ್ಡಿಗೆ ಒತ್ತಿ ಹಿಡಿಯೋಕೆ ಇದಕ್ಕಿಂತ ಬೇರೆ ಬೇಕಾ? 8 ವ್ಯಾಟಿನ ಟ್ಯೂಬಿನ ಉದ್ದ 288 ಮಿಲಿಮೀಟರ್, ಎ4 ಹಾಳೆಯ ಉದ್ದ 297. ಜಾತಕ ಕೂಡಿ ಬಂತು ಅನ್ನಿ. ಒಳಗಿದ್ದದ್ದೆಲ್ಲ ಕಿತ್ತೆ. ಸ್ಕ್ಯಾನರಿನ ಹೊಟ್ಟೆ ತೀರಾ ತೆಳು, ಟ್ಯೂಬು ಗಾಜಿಗೆ ತೀರಾ ಹತ್ತಿರವಾದರೆ ಬೆಳಕು ಪಟ್ಟೆಪಟ್ಟೆಯಾಗಿ ಬೀಳುತ್ತೆ. ಅದಕ್ಕೆ ನಮ್ಮ ಬೀದಿಯ ಬಡಗಿಗೆ ಹೇಳಿ ಕೆಳಗೊಂದು ಪ್ಲೈವುಡ್ ಚೌಕಟ್ಟು ಮಾಡಿಸಿದೆ. ಟ್ಯೂಬಿಂದ ಟ್ಯೂಬಿಗೆ 5 ಸೆಂಟಿಮೀಟರ್, ಟ್ಯೂಬಿಂದ ಗಾಜಿಗೂ ಸುಮಾರು ಅಷ್ಟೇ. ತಳಕ್ಕೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್, ಹೋಲ್ಡರುಗಳಿಂದ ದೂರ ಇರುವಂತೆ ಅಂಟಿಸಿ ಅರ್ಥಿಂಗ್ ಕೊಟ್ಟೆ. ಇದು 230 ವೋಲ್ಟಿನ ವ್ಯವಹಾರ, ಆಟ ಅಲ್ಲ.

ಅತಿ ಮುಖ್ಯವಾದ ಭಾಗ ಅಂದ್ರೆ ಮುಚ್ಚಳದ ಕೆಳಗಿನ ಲಿಮಿಟ್ ಸ್ವಿಚ್ಚು. ಫ್ರಿಜ್ಜಿನ ಬಾಗಿಲು ತೆಗೆದರೆ ದೀಪ ಹತ್ತುತ್ತಲ್ಲ, ಇದು ಉಲ್ಟಾ. ಮುಚ್ಚಳ ಎತ್ತಿದರೆ ನಾಲ್ಕೂ ಟ್ಯೂಬಿಗೆ ಫೇಸ್ ಕಟ್. ಇದನ್ನು ಹಾಕಿದ್ದು ಯಾರಿಗಾಗಿ ಅಂತ ನಿಮಗೆ ಗೊತ್ತಾಗಿರಬೇಕು. "ಅಪ್ಪ, ಎತ್ತಬೇಡಿ, ಕಣ್ಣಿಗೆ ಒಳ್ಳೇದಲ್ಲ" ಅಂದರೆ "ಆಯ್ತಪ್ಪ" ಅನ್ನೋದು, ನಾನು ಆ ಕಡೆ ತಿರುಗಿದ ತಕ್ಷಣ ಮುಚ್ಚಳದ ಅಂಚಿಗೆ ಬೆರಳು ಹಾಕೋದು! ಜೀವಮಾನವಿಡೀ ಬಾಗಿಲ ಆಚೆಗೇ ನಿಲ್ಲಿಸಿಕೊಂಡವರಿಗೆ ಇಣುಕಬೇಡಿ ಅಂದರೆ ಕೇಳ್ತಾರಾ? ಸ್ವಿಚ್ಚು ಹಾಕಿದ ಮೇಲೆ ನಾನು ಹೇಳೋದನ್ನೇ ನಿಲ್ಲಿಸಿದೆ. ಎಷ್ಟು ಸಲ ಬೇಕಾದರೂ ಎತ್ತಿ ನೋಡಲಿ.

ಮೊದಲು ಪರೀಕ್ಷೆ. ರೂಮಿನ ಕಿಟಕಿಗೆ ಕಂಬಳಿ, ಒಂದು ಹಳದಿ ಬಲ್ಬು. ಈ ಲೇಪಕ್ಕೆ ಹಳದಿ ಬೆಳಕು ಅಷ್ಟಾಗಿ ತಾಗಲ್ಲ. ಬೋರ್ಡಿನಿಂದ ಒಂದು ಪಟ್ಟಿ ಕತ್ತರಿಸಿ, ಅಪ್ಪ ಬಳಸುವ ಫಿಲ್ಮಿನ ಮೇಲೇ ಅವರ ಪೆನ್ನಿನಿಂದಲೇ ಕೆಲವು ಗೆರೆ ಎಳೆಸಿ ಮೇಲಿಟ್ಟು, ರಟ್ಟು ಮುಚ್ಚಿ, ಅರ್ಧ ನಿಮಿಷಕ್ಕೊಂದು ಸಲ ರಟ್ಟನ್ನು ಒಂದು ಬೆರಳಿನಷ್ಟು ಸರಿಸಿದೆವು. ಒಂದೇ ಪಟ್ಟಿಯಲ್ಲಿ ಅರ್ಧ ನಿಮಿಷದಿಂದ ಆರು ನಿಮಿಷದ ತನಕ ಮೆಟ್ಟಿಲು ಮೆಟ್ಟಿಲಾಗಿ. ತೊಳೆದು ನೋಡಿದರೆ ಎಲ್ಲಾ ಬರೆದಿಟ್ಟ ಹಾಗಿತ್ತು. ಎರಡು ನಿಮಿಷದ ಒಳಗಿನ ಮೆಟ್ಟಿಲುಗಳಲ್ಲಿ ಕರಗಬೇಕಾದ ಕಡೆಯೂ ಮಂಜಿನಂತೆ ಲೇಪ ಉಳಿದಿತ್ತು. ಐದು ದಾಟಿದ ಮೇಲೆ ಇಂಕಿನ ಗೆರೆಯ ಕೆಳಗೂ ಬೆಳಕು ನುಸುಳಿ ಗೆರೆಯೇ ಸಣಕಲಾಗಿತ್ತು. ಮೂರು, ಮೂರೂವರೆ ನಿಮಿಷದ್ದು ಚೊಕ್ಕ. ಅಪ್ಪ ಭೂತಗನ್ನಡಿ ಹಿಡಿದು ಪೆನ್ಸಿಲ್ಲಿನಲ್ಲಿ "3 ನಿ. 15 ಸೆ." ಅಂತ ಗೋಡೆಯ ಮೇಲೇ ಬರೆದರು. ಅಮ್ಮ ಬಂದು ನೋಡಿ "ಗೋಡೆ ಹಾಳು ಮಾಡೋದು ಯಾಕೆ, ಕುಕ್ಕರ್ ಇಟ್ಟು ಒಂದು ವಿಷಲ್ ಅಂತ ಲೆಕ್ಕ ಇಟ್ಕೊಂಡಿದ್ರೆ ಆಗಿರೋದು" ಅಂದಳು.

ಅಪ್ಪ ಚಿತ್ರ ಬಿಡಿಸಿದ್ದು ಮೂರು ಬೆಳಗ್ಗೆ. ಬೆಳಗ್ಗೆ ಅವರ ಕೈ ಸ್ವಲ್ಪ ಸ್ಥಿರ. ಸ್ಕೇಲಿಗೆ ಆನಿಸಿದ ಗೆರೆ ಇಂದಿಗೂ ನೇರ, ಕೊರೆಯಚ್ಚಿನಲ್ಲಿ ಬರೆದ ವೃತ್ತವೂ ಸರಿ. ಕಷ್ಟ ಇದ್ದದ್ದು ತಿರುವುಗಳಲ್ಲಿ, ಅಕ್ಷರಗಳಲ್ಲಿ. ಹೌದು, ಅಕ್ಷರಗಳು! ಕಾರ್ಖಾನೆಯಲ್ಲಿ ಬೋರ್ಡಿನ ಮೇಲಿನದೆಲ್ಲ ಇಂಗ್ಲಿಷು, ಅದೂ ರೆಡಿಮೇಡ್ ಅಂಟಿಸುವ ಅಕ್ಷರ. ಈ ಸಲ ಅಪ್ಪ ಕನ್ನಡದಲ್ಲಿ "ಮೇಲಿನ ತೊಟ್ಟಿ", "ಸಂಪು" ಅಂತ ಬರೀತೀನಿ ಅಂದರು. ಅಕ್ಷರದ ಎತ್ತರ ನಾಲ್ಕು ಮಿಲಿಮೀಟರ್, ಅದಕ್ಕೊಂದು ಒತ್ತಕ್ಷರ ಬೇರೆ. ಸಾಲದ್ದಕ್ಕೆ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಬರೀಬೇಕು.

ಯಾಕೆ ಅಂದ್ರೆ ಇಂಕಿರುವ ಮುಖವೇ ತಾಮ್ರಕ್ಕೆ ಅಂಟಿ ಕೂರಬೇಕು. ಇಂಕು ಹಾಳೆಯ ಆಚೆ ಮುಖದಲ್ಲಿದ್ದರೆ ಹಾಳೆಯ ದಪ್ಪದಷ್ಟು ಸಂದು ಉಳಿಯುತ್ತೆ. ಟ್ಯೂಬಿನ ಬೆಳಕು ನೆಟ್ಟಗೆ ಬರಲ್ಲ, ನಾಲ್ಕೂ ಕಡೆಯಿಂದ ಓರೆಯಾಗಿ ಬರುತ್ತೆ, ಆ ಸಂದಿಯಲ್ಲಿ ನುಗ್ಗಿ ಗೆರೆಯ ಅಂಚನ್ನು ತಿನ್ನುತ್ತೆ. ನಾನು ಇದನ್ನು ವಿವರಿಸೋಕೆ ಬಾಯಿ ತೆಗೆಯುವಷ್ಟರಲ್ಲಿ ಅಪ್ಪ ಹಾಳೆಯ ಹಿಂಬದಿಗೆ ಪೆನ್ಸಿಲ್ಲಿನಲ್ಲಿ ಸರಿಯಾಗಿ ಬರೆದು, ಮಗುಚಿ, ಆ ಕಡೆಯಿಂದ ಇಂಕಿನಲ್ಲಿ ತಿದ್ದೋಕೆ ಶುರು ಮಾಡಿಯಾಗಿತ್ತು. ನಾಲ್ಕು ದಶಕ ಹಿಂದಿನ ಅಭ್ಯಾಸ, ಕೈ ನಡುಗಿದರೂ ಮರೆತಿಲ್ಲ.

ಬೋರ್ಡು ಮಾಡಿದ್ದು ಒಂದು ಭಾನುವಾರ. ಟ್ಯೂಬುಗಳನ್ನು ಮೊದಲೇ ಎರಡು ನಿಮಿಷ ಉರಿಸಿ ಬಿಸಿ ಮಾಡಿಕೊಂಡೆವು. ಗಾಜಿನ ಮೇಲೆ ಇಂಕು ಮೇಲಾಗಿ ಹಾಳೆ, ಅದರ ಮೇಲೆ ಸಿಪ್ಪೆ ತೆಗೆದ ಬೋರ್ಡು ಬೋರಲು, ಮುಚ್ಚಳ, ಅದರ ಮೇಲೆ ಭಾರಕ್ಕೆ ಎರಡು ದಪ್ಪ ಪುಸ್ತಕ. ಮೂರು ನಿಮಿಷ ಹದಿನೈದು ಸೆಕೆಂಡು. ಮುಚ್ಚಳದ ಅಂಚಿನಿಂದ ಸೋರುವ ಮಂಕು ನೀಲಿ ಬೆಳಕನ್ನು ನೋಡ್ತಾ ಅಪ್ಪ ಸುಮ್ಮನೆ ಕೂತಿದ್ದರು. ಒಂದು ಸಲವೂ ಎತ್ತಲಿಲ್ಲ!

ತೆಗೆದಾಗ ಬೋರ್ಡಿನ ಮೇಲೆ ಹೆಚ್ಚೇನೂ ಕಾಣಲ್ಲ. ಕಾಸ್ಟಿಕ್ ಸೋಡಾ ಅರ್ಧ ಲೀಟರ್ ನೀರಿಗೆ 4 ಗ್ರಾಂ, ಪ್ಲಾಸ್ಟಿಕ್ ತಟ್ಟೆಯಲ್ಲಿ. (ನೀರಿಗೆ ಸೋಡಾ ಹಾಕಬೇಕು, ಸೋಡಾಕ್ಕೆ ನೀರಲ್ಲ. ಕೈಗೆ ಗ್ಲೌಸು, ಕಣ್ಣಿಗೆ ಕನ್ನಡಕ.) ಅದ್ದಿ ತಟ್ಟೆಯನ್ನು ಮೆಲ್ಲಗೆ ತೂಗಿದಾಗ ಹಸಿರು ಹೊಗೆಯಂತೆ ಲೇಪ ಬಿಡೋಕೆ ಶುರುವಾಯಿತು. ಹೊಗೆಯ ಮಧ್ಯದಿಂದ ಒಂದೊಂದೇ ಗೆರೆ, ಒಂದೊಂದೇ ಬಳೆ.. ಆಮೇಲೆ "ತೊಟ್ಟಿ", ಕೆಳಗೆ ಒತ್ತಿನ ಸಮೇತ. ಕನ್ನಡ ಅಕ್ಷರದ ಬದಲು ಚೌಕ ಡಬ್ಬಿಗಳೇ ಕಾಣುತ್ತಿದ್ದ ಕಾಲ ನೋಡಿದವರು ನಾವು, ಒತ್ತಕ್ಷರ ಸರಿಯಾಗಿ ಮೂಡಿದಾಗ ಆಗುವ ಖುಷಿ ನಿಮಗೆ ವಿವರಿಸಬೇಕಾಗಿಲ್ಲ. ಅಪ್ಪ ಏನೂ ಮಾತಾಡಲಿಲ್ಲ. ತಟ್ಟೆಯನ್ನು ನನ್ನ ಕೈಯಿಂದ ತಗೊಂಡು ತಾವೇ ತೂಗಿದರು.

ಆಮೇಲೆ ಫೆರಿಕ್ ಕ್ಲೋರೈಡು, ಬೆಚ್ಚಗೆ, ಸುಮಾರು ಕಾಲು ಗಂಟೆ. ಕಾಫಿ ಡಿಕಾಕ್ಷನ್ ಥರಾ ಇರುತ್ತೆ, ಬಟ್ಟೆಗೆ ಬಿದ್ದರೆ ಕಲೆ ಹೋಗಲ್ಲ. ಬಳಸಿದ ಮೇಲೆ ದಯವಿಟ್ಟು ಸಿಂಕಿಗೋ ಮೋರಿಗೋ ಸುರೀಬೇಡಿ, ಅದರಲ್ಲಿ ಕರಗಿರುವ ತಾಮ್ರ ಕೆರೆಯ ಮೀನಿಗೆ ವಿಷ. ನಾನು ಡಬ್ಬಿಯಲ್ಲಿ ತುಂಬಿ ಹೆಸರು ಬರೆದಿಟ್ಟಿದ್ದೇನೆ, ಇನ್ನೂ ಒಂದೆರಡು ಬೋರ್ಡಿಗೆ ಆಗುತ್ತೆ.

ತೊಳೆದು, ಒರೆಸಿ, ಅಪ್ಪನ ಕೈಗೆ ಕೊಟ್ಟೆ. ಭೂತಗನ್ನಡಿ ಹಿಡಿದು ತುಂಬಾ ಹೊತ್ತು ನೋಡಿದರು. ಬಜರಿನ ಹತ್ತಿರ ಒಂದು ತಿರುವಿನಲ್ಲಿ ಗೆರೆ ಸಣ್ಣಗೆ ಅಲೆಅಲೆಯಾಗಿತ್ತು. ಅವರ ಕೈಯ ನಡುಕ. ಬೆಳಕು ಅದನ್ನೂ ಬಿಡದೆ ತಾಮ್ರಕ್ಕೆ ಇಳಿಸಿತ್ತು. ಅಲ್ಲಿಗೆ ಬೆರಳಿಟ್ಟು "ಕ್ಯಾಮೆರಾ ಇದ್ದಿದ್ರೆ ಇದು ಅರ್ಧ ಆಗೋದು" ಅಂದರು. ಅಷ್ಟೇ.

ನಾನು ಅದನ್ನು ಬೇಜಾರಿನ ಮಾತು ಅಂದ್ಕೊಂಡು ಸುಮ್ಮನಿದ್ದೆ. ಅವರು ಯೋಚನೆ ಮಾಡ್ತಿದ್ದದ್ದು ಬೇರೆ! ಎರಡು ದಿನ ಬಿಟ್ಟು ಕೇಳಿದರು, "ಲೋ, ಜೆರಾಕ್ಸ್ ಅಂಗಡಿಯವನು 50 ಪರ್ಸೆಂಟಿಗೆ ಕುಗ್ಗಿಸಿ ಪ್ಲಾಸ್ಟಿಕ್ ಶೀಟ್ ಮೇಲೆ ತೆಗೆದುಕೊಡ್ತಾನಲ್ವಾ?" ಕೊಡ್ತಾನೆ. ಟೋನರ್ ತೆಳುವಾಗಿ ಬಂದರೆ ಎರಡು ಪ್ರತಿ ಒಂದರ ಮೇಲೊಂದು ಕೂರಿಸಿದರಾಯಿತು. ಟ್ರಾನ್ಸಿಸ್ಟರಿನಂಥ ದೊಡ್ಡ ಕಾಲುಗಳ ಬೋರ್ಡಿಗೆ ಆ ಯಂತ್ರದ ಅಳತೆ ಧಾರಾಳವಾಗಿ ಸಾಕು.

ಹಾಗಾಗಿ ಎದುರುಮನೆಯವರಿಗಾಗಿ ಎರಡನೇ ಬೋರ್ಡು ಶುರುವಾಗಿದೆ, ಈ ಸಲ ಎರಡು ಪಟ್ಟು ದೊಡ್ಡದಾಗಿ. ಊಟದ ಮೇಜಿನ ಗಾಜಿನ ಕೆಳಗೆ ಒಂದು ಟ್ಯೂಬ್‌ಲೈಟ್ ಹಾಕಿಕೊಡು ಅಂತ ಬೇಡಿಕೆ ಬಂದಿದೆ, ಊಟ ಎಲ್ಲಿ ಮಾಡೋದು ಅಂತ ಅಮ್ಮನ ತಕರಾರೂ ಬಂದಿದೆ. ಮೊದಲನೇ ಬೋರ್ಡು ಮೋಟಾರ್ ಸ್ವಿಚ್ಚಿನ ಪಕ್ಕ ಗೋಡೆಯಲ್ಲಿದೆ, ತೊಟ್ಟಿ ತುಂಬಿದರೆ ಬೀದಿಗೆಲ್ಲ ಕೇಳುವ ಹಾಗೆ ಕಿರುಚುತ್ತೆ.

ಒಂದು ಸಹಾಯ ಆಗಬೇಕಿತ್ತು. ಬೋರ್ಡ್ ಆರ್ಟ್‌ವರ್ಕಿಗೆ ಬಳಸುತ್ತಿದ್ದ ಆ ಕಪ್ಪು ಕ್ರೇಪ್ ಟೇಪು, ಬಳೆ ಸ್ಟಿಕ್ಕರು ಎಸ್.ಪಿ. ರೋಡಿನಲ್ಲಿ ವಿಚಾರಿಸಿದೆ, ಹುಡುಗರಿಗೆ ಅದೇನು ಅಂತಲೇ ಗೊತ್ತಿಲ್ಲ. ನಿಮ್ಮ ಮನೆಯ ಅಟ್ಟದ ಮೇಲೋ, ನಿವೃತ್ತರಾದ ನಿಮ್ಮ ಅಪ್ಪನ, ಮಾವನ ಟ್ರಂಕಿನಲ್ಲೋ ಒಂದು ರೋಲ್ ಉಳಿದಿದ್ದರೆ ದಯವಿಟ್ಟು ತಿಳಿಸಿ. ಅಂಟು ಒಣಗಿದ್ದರೂ ಪರವಾಗಿಲ್ಲ, ಅದಕ್ಕೆ ಏನು ಮಾಡಬೇಕು ಅಂತ ನನಗೆ ಗೊತ್ತಿದೆ ಅಂತಾರೆ ಅಪ್ಪ :)